ಪುರುಷರಲ್ಲಿ ಕಾಮಾಸಕ್ತಿಯ ಕುಂದು: ಕಾರಣಗಳು ಮತ್ತು ಚಿಕಿತ್ಸೆ

ಹಸಿವು, ನಿದ್ರೆ, ಕಾಮ ಇವು ಮೂರೂ ದೇಹಧರ್ಮಗಳು. ಹಸಿವು ಕೆಟ್ಟರೆ ನಾವು ವೈದ್ಯರಲ್ಲಿಗೆ ಹೋಗುತ್ತೇವೆ. ನಿದ್ರೆ ಕೆಟ್ಟರೆ ನೆರೆಹೊರೆಯವರೊಡನೆಯೂ ಹೇಳಿಕೊಳ್ಳುತ್ತೇವೆ. ಮೂರನೆಯದು ಕುಂದಿದಾಗ ಮಾತ್ರ ಪುರುಷನು ಕೈಹಿಡಿದ ಹೆಂಡತಿಗೂ ಹೇಳಲಾರದೆ ಒಳಗೊಳಗೇ ಬೇಯುತ್ತಾನೆ; ಲೋಕಲ್ ರೈಲಿನ ಡಬ್ಬಿಯ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಜಾಹೀರಾತನ್ನು ಕದ್ದು ಓದುತ್ತಾನೆ. ಈ ಸಂಕೋಚದಿಂದಾಗುವ ಹಾನಿ ಹಣದ ನಷ್ಟಕ್ಕಷ್ಟೇ ಸೀಮಿತವಲ್ಲ. ಆಸಕ್ತಿಯ ಕುಂದು ಅನೇಕ ವೇಳೆ ದೇಹದಲ್ಲೋ ಮನಸ್ಸಿನಲ್ಲೋ ಅಡಗಿರುವ ಬೇರೊಂದು ವ್ಯಾಧಿಯ ಮುನ್ಸೂಚನೆ. ಕಾರಣವನ್ನು ಅರಿಯದೆ ‘ಶಕ್ತಿವರ್ಧಕ’ವನ್ನು ಸೇವಿಸುವುದೆಂದರೆ, ಹೊಗೆಯನ್ನು ಬೀಸಿ ಓಡಿಸಿ ಬೆಂಕಿಯನ್ನು ಹಾಗೆಯೇ ಬಿಟ್ಟಂತೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಆಸಕ್ತಿಯೇ ಇಲ್ಲದಿರುವುದು ಒಂದು, ಆಸಕ್ತಿಯಿದ್ದೂ ಅಂಗವು ನಿಮಿರದಿರುವುದು ಇನ್ನೊಂದು, ಶೀಘ್ರಸ್ಖಲನವು ಮತ್ತೊಂದು. ಇವುಗಳ ಕಾರಣಗಳೂ ಚಿಕಿತ್ಸೆಗಳೂ ಬೇರೆ ಬೇರೆ. ಒಂದರಿಂದ ಇನ್ನೊಂದು ಹುಟ್ಟುವುದೂ ಉಂಟು. ಆಸಕ್ತಿ ಇಷ್ಟೇ ಇರಬೇಕೆಂಬ ಅಳತೆಗೋಲು ಯಾವ ಗ್ರಂಥದಲ್ಲಿಯೂ ಇಲ್ಲ. ವಯಸ್ಸಾದಂತೆ ಅದು ಮೆಲ್ಲಗೆ ಇಳಿಯುವುದು ಸಹಜ. ಹಿಂದೆ ಇದ್ದ ಆಸಕ್ತಿ ಹಲವು ತಿಂಗಳುಗಳಿಂದ ಕುಂದಿ, ಅದರಿಂದ ತನಗಾಗಲಿ ದಾಂಪತ್ಯಕ್ಕಾಗಲಿ ಕ್ಲೇಶವಾಗುತ್ತಿದ್ದರೆ ಮಾತ್ರ ಅದನ್ನು ವಿಚಾರಿಸಬೇಕು.

ಆಸಕ್ತಿಯ ಮೂಲ

ಕಾಮಾಸಕ್ತಿಯು ಮಿದುಳಿನಲ್ಲಿ ಹುಟ್ಟುತ್ತದೆ. ಅದಕ್ಕೆ ಪೋಷಣೆ ನೀಡುವುದು ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಆಜ್ಞೆ ಕಳುಹಿಸುತ್ತದೆ. ವೃಷಣಗಳು ಅದರಂತೆ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಆದುದರಿಂದ ಮನಸ್ಸು, ಪಿಟ್ಯುಟರಿ, ವೃಷಣ ಇವುಗಳಲ್ಲಿ ಎಲ್ಲಿ ತೊಡಕಾದರೂ ಆಸಕ್ತಿ ತಗ್ಗಬಹುದು.

ಕಾರಣಗಳು

ನಮ್ಮ ಈ ಭಾಗದ ಜೀವನಕ್ರಮವನ್ನೇ ಮೊದಲು ನೋಡೋಣ. ಶಹಾಡಿನಲ್ಲಿ ಮನೆ, ಮುಂಬಯಿಯ ಕೋಟೆ ಪ್ರದೇಶದಲ್ಲಿ ಕಚೇರಿ ಎಂದರೆ ಹೋಗಿಬರುವುದರಲ್ಲೇ ದಿನಕ್ಕೆ ಮೂರು ಗಂಟೆಯಷ್ಟು ಕಾಲ ಕಳೆದುಹೋಗುತ್ತದೆ. ಹೋಟೆಲಿನಲ್ಲಿ ದುಡಿಯುವವನು ನಡುರಾತ್ರಿಗೆ ಮಲಗಿ ನಸುಕಿನಲ್ಲಿ ಏಳುತ್ತಾನೆ, ಕಾರ್ಖಾನೆಯವನಿಗೆ ರಾತ್ರಿಪಾಳಿ. ಟೆಸ್ಟೊಸ್ಟೆರೋನಿನ ಉತ್ಪತ್ತಿಗೆ ನಿದ್ರೆ ಅತ್ಯಗತ್ಯ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ 10 ಮಂದಿ ತರುಣರನ್ನು ಒಂದು ವಾರ ಕಾಲ ರಾತ್ರಿ ಐದು ಗಂಟೆ ಮಾತ್ರ ನಿದ್ರಿಸಲು ಬಿಟ್ಟಾಗ, ಹಗಲಿನ ಹಾರ್ಮೋನು ಶೇಕಡಾ 10ರಿಂದ 15ರಷ್ಟು ಇಳಿಯಿತೆಂದು 2011ರಲ್ಲಿ ವರದಿ ಮಾಡಿದರು. ಐದು ಗಂಟೆಯ ನಿದ್ರೆ ನಮ್ಮಲ್ಲಿ ಎಷ್ಟು ಜನರ ನಿತ್ಯದ ಪಾಡು ಎಂಬುದನ್ನು ಓದುಗರೇ ಯೋಚಿಸಲಿ.

ಎರಡನೆಯದು ದೇಹದ ರೋಗಗಳು. ಮಧುಮೇಹ, ಅತಿಬೊಜ್ಜು, ಥೈರಾಯ್ಡ್ ದೋಷ, ಮೂತ್ರಪಿಂಡ ಮತ್ತು ಯಕೃತ್ತಿನ ದೀರ್ಘವ್ಯಾಧಿಗಳು, ಮಿತಿಮೀರಿದ ಮದ್ಯಪಾನ ಇವೆಲ್ಲವೂ ಆಸಕ್ತಿಯನ್ನು ಕುಂದಿಸಬಲ್ಲವು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವ ನಿದ್ರಾರೋಗವೂ ಈ ಪಟ್ಟಿಗೆ ಸೇರುತ್ತದೆ. ಪಿಟ್ಯುಟರಿಯಲ್ಲಿ ಗಂಟು ಬೆಳೆದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿದರೆ ಆಸಕ್ತಿಯ ಜೊತೆಗೆ ತಲೆನೋವು ಹಾಗೂ ಪಕ್ಕನೋಟದ ಮಂಜು ಕಾಣಿಸಬಹುದು. ಆಸಕ್ತಿಯೊಡನೆ ನಿಮಿರುವಿಕೆಯೂ ಕುಂದಿದ್ದರೆ ರಕ್ತನಾಳಗಳತ್ತ ಗಮನ ಹರಿಸಬೇಕು. ಹೃದಯದ ನಾಳಗಳಿಗಿಂತ ಕಿರಿದಾದ ಆ ಅಂಗದ ನಾಳಗಳು ಕೆಲವು ವರ್ಷಗಳ ಮೊದಲೇ ಎಚ್ಚರಿಕೆ ಕೊಡುವುದುಂಟು.

ಮೂರನೆಯದು ಔಷಧಗಳು. ಖಿನ್ನತೆಗೆ ಹಾಗೂ ಮನೋವಿಕಾರಗಳಿಗೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟೆರೈಡ್ ಮುಂತಾದವುಗಳಿಂದ ಹೀಗಾಗಬಹುದು. ಆದರೆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಲ್ಲರು.

ನಾಲ್ಕನೆಯದು ಮನಸ್ಸು. ಸಾಲ, ನಿರುದ್ಯೋಗ, ಒಂದೇ ಕೋಣೆಯಲ್ಲಿ ಹಿರಿಯರು ಮಕ್ಕಳೊಡನೆ ಕಳೆಯಬೇಕಾದ ರಾತ್ರಿಗಳು, ದಂಪತಿಗಳೊಳಗಿನ ಮುನಿಸು ಇವೆಲ್ಲ ಆಸಕ್ತಿಯ ವೈರಿಗಳು. ಅಂಬಿವಲಿಯ ಬಳಿಯ ಮೋಹನೆಯಲ್ಲಿದ್ದ ನ್ಯಾಷನಲ್ ರೇಯಾನ್ ಕಾರ್ಖಾನೆ 2009ರಲ್ಲಿ ಬಾಗಿಲು ಮುಚ್ಚಿದ್ದನ್ನು ಈ ಭಾಗದವರು ಬಲ್ಲರು. ದುಡಿಮೆ ಹೋದಾಗ ಪುರುಷನು ಕಳೆದುಕೊಳ್ಳುವುದು ಸಂಬಳವನ್ನಷ್ಟೇ ಅಲ್ಲ. ಇವುಗಳಿಗೆ ಹಳೆಯ ಭಯವೊಂದೂ ಸೇರಿಕೊಳ್ಳುತ್ತದೆ: ‘ಧಾತು’ ನಷ್ಟವಾದರೆ ಪುರುಷತ್ವವೇ ನಷ್ಟವೆಂಬ ಭಯ. ಈ ಭಯದಿಂದ ನಿಶ್ಶಕ್ತರಾಗುವವರನ್ನು ಕಂಡು ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯವು ದೇಹದಲ್ಲಿ ಸದಾ ಉತ್ಪತ್ತಿಯಾಗುತ್ತಲೇ ಇರುತ್ತದೆ. ಅದರ ಸ್ಖಲನದಿಂದ ಶಕ್ತಿ ಸೋರುವುದಿಲ್ಲ.

ದುಡಿಯುವ ಸ್ಥಳವನ್ನೂ ಹೇಳಿ

ಐದನೆಯ ಕಾರಣವನ್ನು ಶಹಾಡಿನ ಓದುಗರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಶಹಾಡ್ ಎಂದೊಡನೆ ಬಿರ್ಲಾ ಮಂದಿರದ ಜೊತೆಗೆ ನೆನಪಾಗುವುದು ರೇಯಾನ್ ಉದ್ಯಮ. ವಿಸ್ಕೋಸ್ ವಿಧಾನದಲ್ಲಿ ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಿಂದ ಸಂಸ್ಕರಿಸಿ, ಆಮ್ಲದ ತೊಟ್ಟಿಯಲ್ಲಿ ನೂಲಾಗಿ ಎಳೆಯುತ್ತಾರೆ. ಈ ದ್ರವವು 46 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವಂಥದು. ಅದರ ಆವಿ ನರಗಳಿಗೆ ವಿಷ. ಪ್ಯಾರಿಸಿನ ವೈದ್ಯ ಡೆಲ್ಪೆಶ್ 1856ರಷ್ಟು ಹಿಂದೆಯೇ, ರಬ್ಬರ್ ಕೆಲಸದಲ್ಲಿ ಇದೇ ದ್ರವವನ್ನು ಬಳಸುತ್ತಿದ್ದ ಕಾರ್ಮಿಕರಲ್ಲಿ ನರದೌರ್ಬಲ್ಯದೊಡನೆ ಕಾಮಶಕ್ತಿಯ ನಾಶವನ್ನೂ ವರ್ಣಿಸಿದ್ದನು. ಬ್ರಿಟನ್ನಿನ ರೇಯಾನ್ ಕಾರ್ಮಿಕರಲ್ಲಿ ಹೃದ್ರೋಗದ ಸಾವು ಹೆಚ್ಚೆಂದು 1968ರಲ್ಲಿ ಪ್ರಕಟವಾಯಿತು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯೂ ಈ ವಿಷಬಾಧೆಯನ್ನು, ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳಲ್ಲಿ ಸೇರಿಸಿತು.

ಇದು ಯಾವ ಕಾರ್ಖಾನೆಯ ಮೇಲಿನ ಆರೋಪವೂ ಅಲ್ಲ. ಯಾರಿಗೆ ಎಷ್ಟು ಆವಿ ತಗಲುತ್ತಿದೆ ಎಂಬುದನ್ನು ಗಾಳಿಯ ಅಳತೆಯಿಂದಲೂ ಮೂತ್ರಪರೀಕ್ಷೆಯಿಂದಲೂ ತಿಳಿಯಬೇಕೇ ಹೊರತು ಊಹೆಯಿಂದಲ್ಲ. ಆದರೆ ಇಂಥ ರಾಸಾಯನಿಕದ ನಡುವೆ ದುಡಿಯುವವರು, ಸೀಸ ಅಥವಾ ಕೀಟನಾಶಕಗಳೊಡನೆ ದುಡಿಯುವವರು ಕೂಡ, ತಮ್ಮ ಕೆಲಸವೇನೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು. ನಿದ್ರಾಭಂಗ, ಸಿಡಿಮಿಡಿ, ಕೈಕಾಲು ಜೋಮು ಹಿಡಿಯುವುದು ಜೊತೆಗಿದ್ದರಂತೂ ತಡಮಾಡಬಾರದು.

ಪರೀಕ್ಷೆ ಮತ್ತು ಚಿಕಿತ್ಸೆ

1889ರಲ್ಲಿ, 72 ವರ್ಷದ ಪ್ರಸಿದ್ಧ ಶರೀರವಿಜ್ಞಾನಿ ಬ್ರೌನ್-ಸೆಕಾರ್ ಪ್ರಾಣಿಗಳ ವೃಷಣರಸವನ್ನು ತಾನೇ ಚುಚ್ಚಿಕೊಂಡು, ಯೌವನ ಮರಳಿತೆಂದು ಸಾರಿದನು. ಆ ನೀರುರಸದಲ್ಲಿ ಹಾರ್ಮೋನು ಇದ್ದುದೇ ಇಲ್ಲವೆನ್ನುವಷ್ಟು. ಕೆಲಸ ಮಾಡಿದ್ದು ನಂಬಿಕೆ. ಇಂದಿನ ದುಬಾರಿ ಚೂರ್ಣಗಳ ಯಶಸ್ಸಿನಲ್ಲಿಯೂ ನಂಬಿಕೆಯ ಪಾಲು ದೊಡ್ಡದು. ಕೆಲವು ಚೂರ್ಣಗಳಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್, ಸಿಲ್ಡೆನಾಫಿಲ್ ಮುಂತಾದವುಗಳ ಗುಪ್ತ ಬೆರಕೆ ಪತ್ತೆಯಾಗಿರುವುದೂ ಉಂಟು.

ವೈದ್ಯರು ಮೊದಲು ರೋಗಿಯ ಮಾತನ್ನು ಕೇಳಿ, ದೇಹಪರೀಕ್ಷೆ ಮಾಡಿ, ರಕ್ತದಲ್ಲಿ ಸಕ್ಕರೆ, ಕೊಬ್ಬು, ಥೈರಾಯ್ಡ್, ಟೆಸ್ಟೊಸ್ಟೆರೋನ್‌ಗಳನ್ನು ಅಳೆಸುತ್ತಾರೆ. ಟೆಸ್ಟೊಸ್ಟೆರೋನ್ ಬೆಳಗಿನ ಹೊತ್ತು ಹೆಚ್ಚಾಗಿರುವುದರಿಂದ ರಕ್ತವನ್ನು ಬೆಳಗ್ಗೆಯೇ ಕೊಡಬೇಕು. ಕಡಿಮೆಯೆಂದು ಕಂಡರೆ ಇನ್ನೊಂದು ದಿನ ಮತ್ತೆ ನೋಡಬೇಕು. ಅಮೆರಿಕದ ಮೂತ್ರಶಾಸ್ತ್ರಜ್ಞರ ಸಂಘವು 2018ರಲ್ಲಿ ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕೆಳಗಿನದನ್ನು ಕೊರತೆಯ ಗಡಿಯೆಂದು ಸೂಚಿಸಿತು. ಅಗತ್ಯವಿದ್ದರೆ ಪ್ರೊಲ್ಯಾಕ್ಟಿನನ್ನೂ ನೋಡುತ್ತಾರೆ. ಅದು ಹೆಚ್ಚಿದ್ದರೆ ಬಹುಪಾಲು ಮಾತ್ರೆಗಳಿಂದಲೇ ಹತೋಟಿಗೆ ಬರುತ್ತದೆ.

ಚಿಕಿತ್ಸೆಯು ಕಾರಣವನ್ನು ಅನುಸರಿಸುತ್ತದೆ. ನಿದ್ರೆ, ವ್ಯಾಯಾಮ, ತೂಕದ ಇಳಿಕೆ, ಮದ್ಯವರ್ಜನೆ ಇವು ಎಲ್ಲರಿಗೂ ಮೊದಲ ಮದ್ದು. ಖಿನ್ನತೆಯಿದ್ದರೆ ಮನೋವೈದ್ಯರ ನೆರವು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ-ಮಾನಸ್’ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಹಾರ್ಮೋನಿನ ಕೊರತೆ ನಿಜವಾಗಿ ಸ್ಥಿರಪಟ್ಟವರಿಗೆ ಮಾತ್ರ ಟೆಸ್ಟೊಸ್ಟೆರೋನ್ ಕೊಡುತ್ತಾರೆ. ಮಕ್ಕಳು ಬೇಕೆನ್ನುವ ತರುಣರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು: ಹೊರಗಿನಿಂದ ಈ ಹಾರ್ಮೋನು ಬಂದರೆ ಪಿಟ್ಯುಟರಿ ಸುಮ್ಮನಾಗಿ ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ. ವ್ಯಾಯಾಮಶಾಲೆಗಳಲ್ಲಿ ಗುಟ್ಟಾಗಿ ಮಾರುವ ಸ್ಟೀರಾಯ್ಡ್ ಚುಚ್ಚುಮದ್ದುಗಳ ಪರಿಣಾಮವೂ ಇದೇ. 1998ರಲ್ಲಿ ಬಂದ ಸಿಲ್ಡೆನಾಫಿಲ್ ಮಾತ್ರೆ ರಕ್ತಸಂಚಾರವನ್ನು ಹೆಚ್ಚಿಸಿ ನಿಮಿರುವಿಕೆಗೆ ಸಹಾಯ ಮಾಡುತ್ತದೆ, ಆಸಕ್ತಿಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರು ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಕೊನೆಯದಾಗಿ ಒಂದು ಮಾತು. ಗಂಡನ ಮೌನವನ್ನು ಹೆಂಡತಿಯು ಉಪೇಕ್ಷೆಯೆಂದೋ ಪರಸ್ತ್ರೀ ಮೋಹವೆಂದೋ ತಿಳಿದು ನೊಂದುಕೊಳ್ಳುವುದುಂಟು. “ನನಗೆ ಮೈಯಲ್ಲಿ ಏನೋ ಸರಿಯಿಲ್ಲ, ಡಾಕ್ಟರಲ್ಲಿಗೆ ಹೋಗೋಣ” ಎಂಬ ಒಂದು ಮಾತು ಆಕೆಯ ನೋವನ್ನು ಅರ್ಧಕ್ಕಿಳಿಸುತ್ತದೆ. ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ಯನ್ನು ಬರೆದು ಈ ವಿಷಯವನ್ನು ಕನ್ನಡದ ಮನೆಯೊಳಕ್ಕೆ ಮರ್ಯಾದೆಯಿಂದಲೇ ತಂದರು. ಪುಸ್ತಕದಲ್ಲಿ ಓದಬಹುದಾದ ಮಾತನ್ನು ವೈದ್ಯರ ಮುಂದೆ ಆಡಲು ನಾಚಬೇಕಾದ ಕಾರಣವಿಲ್ಲ.