ಮುಪ್ಪಿನಲ್ಲಿ ಅಂಗಸಾಧನೆ

'ಅರವತ್ತಕ್ಕೆ ಅರಳು ಮರಳು' ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಗಾದೆ. ಬುದ್ಧಿಯ ಮಾತು ಹಾಗಿರಲಿ, ದೇಹದ ವಿಚಾರದಲ್ಲಿಯೂ ನಾವು ಅದೇ ತೀರ್ಪನ್ನು ಕೊಟ್ಟುಬಿಡುತ್ತೇವೆ. 'ದುಡಿದದ್ದು ಸಾಕು, ಇನ್ನು ಕುಳಿತಿರಿ' ಎಂದು ಹಿರಿಯರನ್ನು ಜಗಲಿಯ ಮೇಲೆ ಕೂರಿಸುತ್ತೇವೆ. ಇದು ಗೌರವವೇ ಸರಿ. ಆದರೆ ಅವರಿಗೆ ಹಿತವೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಡುವಯಸ್ಸು ದಾಟಿದ ಮೇಲೆ ಸ್ನಾಯುಗಳು ಮೆಲ್ಲಮೆಲ್ಲನೆ ಕ್ಷೀಣಿಸತೊಡಗುತ್ತವೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಇದಕ್ಕೆ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದು ಅದರ ಅರ್ಥ. ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುವ ನರಕೋಶಗಳಲ್ಲಿಯೂ ಕೆಲವು ನಶಿಸುತ್ತವೆ. ಎಡವಿದಾಗ ಥಟ್ಟನೆ ಕಾಲೂರಲು ಬೇಕಾದ ಚುರುಕಿನ ಎಳೆಗಳೇ ಹೆಚ್ಚಾಗಿ ಸೊರಗುತ್ತವೆ. ವೃದ್ಧರು ಬಚ್ಚಲಲ್ಲಿ ಬಿದ್ದು ಮೂಳೆ ಮುರಿದುಕೊಳ್ಳಲು ಇದೂ ಒಂದು ಕಾರಣ.

ಹಾಗಾದರೆ ಇದೆಲ್ಲವೂ ವಯಸ್ಸಿನ ಕೆಲಸವೇ? ಅಲ್ಲ, ಬಳಸದೆ ಇಡುವುದರ ಪಾಲೂ ಇದೆ. 1990ರಲ್ಲಿ ಮರಿಯ ಫಿಯಾಟರೋನ್ ಮತ್ತು ಸಂಗಡಿಗರು ಬೋಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ಎಂಟು ವಾರ ಕಾಲಿನಿಂದ ಭಾರವೆತ್ತುವ ಸಾಧನೆಗೆ ತೊಡಗಿದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರವಾದರೋ ಸುಮಾರು ಶೇಕಡ 9ರಷ್ಟು ಮಾತ್ರ. ಅಂದರೆ ಸ್ನಾಯು ಬೆಳೆಯುವುದಕ್ಕಿಂತ ಮೊದಲೇ ನರಗಳು ಅದನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ. ಒಳಗಿನ ಅಂಗಗಳಿಗೂ ಲಾಭವುಂಟು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ರಕ್ತದೊತ್ತಡ ತುಸು ತಗ್ಗುತ್ತದೆ. ಮೂಳೆಯ ಸವೆತ ನಿಧಾನವಾಗುತ್ತದೆ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಗರಡಿಯ ಉಸ್ತಾದರು ಮೊದಲ ದಿನವೇ ನೂರು ಬಸ್ಕಿ ಹೊಡೆಸುವುದಿಲ್ಲ; ಹತ್ತರಿಂದ ಆರಂಭಿಸಿ ಏರಿಸುತ್ತಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ ತರುಣರಿಗೆ ಅಂಗಸಾಧನೆ ಕಲಿಸಿದ ಕೆ. ವಿ. ಅಯ್ಯರ್ (1897–1980) ಅವರೇ ಹೊಯ್ಸಳ ರಾಣಿಯನ್ನು ಕುರಿತ 'ಶಾಂತಲಾ' ಕಾದಂಬರಿಯನ್ನು ಬರೆದವರು. ಬೇಲೂರು ಹಳೇಬೀಡುಗಳ ನೆರೆಯವರಾದ ನಾವು ಕಾದಂಬರಿಕಾರರನ್ನು ನೆನೆಯುತ್ತೇವೆ. ಅವರ ಇನ್ನೊಂದು ವಿದ್ಯೆಯನ್ನು ಮರೆತಿದ್ದೇವೆ.

ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಅರಸೀಕೆರೆ ಸೀಮೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿದೇ ನಮ್ಮ ತಾತ ಮನೆ ನಡೆಸಿದರು. ಮಂಡಿನೋವಿನಿಂದ ಕೆಲಸ ನಿಂತ ಎರಡು ವರ್ಷಗಳಲ್ಲಿ ಅವರು ಚಾಪೆಯಿಂದೇಳಲು ಗೋಡೆ ಹಿಡಿಯುವಂತಾಯಿತು. ಈಗ ವೈದ್ಯರ ಅನುಮತಿ ಪಡೆದು, ದಿನ ಬಿಟ್ಟು ದಿನ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಸಾಧನೆ ಮಾಡುತ್ತಾರೆ. ಮೊದಲು ಮೂರು ಬಾರಿ, ಈಗ ಹನ್ನೆರಡು. ಸಂತೆಗೆ ತಾವೇ ನಡೆದು ಹೋಗುತ್ತಾರೆ.

ಅರವತ್ತೈದು ದಾಟಿದವರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆಯಿತ್ತಿದೆ. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಉಸಿರು ಬಿಗಿಹಿಡಿದು ಭಾರವೆತ್ತಬಾರದು. ಊಟದಲ್ಲಿ ಹುರುಳಿ, ಅವರೆ, ಹಾಲು ಇರಬೇಕು. ಸಾಧನೆ ಬಿಟ್ಟರೆ ಗಳಿಸಿದ ಬಲ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ.

ಸಹಪಾಠಿಗಳೇ, ಈ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಹಿರಿಯರಿಗೆ ಕುರ್ಚಿ ಹಾಕಿಕೊಡೋಣ; ಅದರಿಂದ ತಾವಾಗಿಯೇ ಏಳುವ ಬಲವನ್ನು ಉಳಿಸಿಕೊಳ್ಳಲೂ ನೆರವಾಗೋಣ.