ಅಟ್ಟದಿಂದ ಇಳಿದ ಡೈವಿಂಗ್ ಸಾಮಾನು

ಪ್ರಶ್ನೆ: ನಮ್ಮದು ಗೌನಿಪಲ್ಲಿ. ನಮ್ಮನೆಯವರು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಸ್ಕೂಬಾ ಡೈವಿಂಗ್ ಕಲಿತರು. ಊರಿಗೆ ಬಂದು ಆರು ವರ್ಷವಾಯಿತು. ಆ ಸಾಮಾನೆಲ್ಲ ತೋಟದ ಮನೆಯ ಅಟ್ಟದಲ್ಲಿ, ಮಾವಿಗೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಇತ್ತು. ಡಿಸೆಂಬರ್ ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡುತ್ತಾರಂತೆ. ಕಳೆದ ವರ್ಷ ಕೋರ್ಸ್ ಮುಗಿಸಿದ ಮಗನೇ ಅವರಿಗೆ ಜೋಡಿ. ‘ಒರೆಸಿ ಇಟ್ಟಿದ್ದೀನಿ, ಏನೂ ಆಗಿಲ್ಲ’ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವರ ಮನಸ್ಸು ನೋಯದ ಹಾಗೆ ಹೇಗೆ ಹೇಳಲಿ?
– ಹೆಸರು ಬೇಡ, ಗೌನಿಪಲ್ಲಿ

ಉತ್ತರ: ತಂಗಿ, ನಿಮ್ಮ ಭಯದಲ್ಲಿ ಅರ್ಥವಿದೆ. ಡೈವಿಂಗ್ ಸಾಮಾನು ಬಳಸಿದರೆ ಮಾತ್ರವಲ್ಲ, ಸುಮ್ಮನೆ ಇಟ್ಟರೂ ಕೆಡುತ್ತದೆ. ರಬ್ಬರು ಬಿರುಸಾಗುತ್ತದೆ, ಒಳಗುಳಿದ ಉಪ್ಪು ಹರಳುಗಟ್ಟುತ್ತದೆ, ಹಿತ್ತಾಳೆ ಭಾಗಗಳಿಗೆ ಕಿಲುಬು ಹಿಡಿಯುತ್ತದೆ. ಇವು ಯಾವುವೂ ಹೊರಗಿನಿಂದ ಒರೆಸಿದರೆ ಹೋಗುವಂಥವಲ್ಲ.

ಮೊದಲು ಮೂಗಿಗೆ ಕೆಲಸ ಕೊಡಿ. ಬಾಯಿಗಿಡುವ ತುದಿ, ಹೋಸ್, ಗಾಳಿ ತುಂಬುವ ಜಾಕೆಟ್ ಇವುಗಳಲ್ಲಿ ಔಷಧಿಯ ಅಥವಾ ಪೆಟ್ರೋಲಿನ ವಾಸನೆ ಇದ್ದರೆ ಅವನ್ನು ಬಾಯಿಗೆ ಇಡುವುದೇ ಬೇಡ. ಆ ಭಾಗಗಳನ್ನು ಬದಲಾಯಿಸಲೇಬೇಕು.

ವಾಸನೆ ಇಲ್ಲದಿದ್ದರೆ ಮುಂದಿನದನ್ನು ಅವರೇ ಮನೆಯಲ್ಲಿ ನೋಡಬಹುದು. ಹೋಸ್‌ಗಳನ್ನು ಬಗ್ಗಿಸಿ, ಲೋಹಕ್ಕೆ ಸೇರುವ ಜಾಗದಲ್ಲಿ ಬಿರುಕಿದೆಯೇ ನೋಡಲಿ. ಮಾಸ್ಕ್ ಮತ್ತು ಫಿನ್‌ಗಳ ಪಟ್ಟಿಗಳನ್ನು ಎಳೆದು ನೋಡಲಿ. ಜಾಕೆಟ್‌ಗೆ ಗಾಳಿ ತುಂಬಿ ರಾತ್ರಿಯಿಡೀ ಬಿಡಲಿ; ಬೆಳಿಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ. ಅದಕ್ಕೆ ಗಾಳಿ ತುಂಬುವ ಗುಂಡಿ ಒತ್ತಿ ಬಿಟ್ಟ ತಕ್ಷಣ ಹಿಂದಕ್ಕೆ ಬರಬೇಕು. ಉಪ್ಪಿನಿಂದ ಅದು ಸಿಕ್ಕಿಕೊಂಡರೆ ಜಾಕೆಟ್ ತಾನಾಗಿ ಉಬ್ಬಿ, ಮನುಷ್ಯನನ್ನು ಒಮ್ಮೆಲೇ ಮೇಲಕ್ಕೆ ಎತ್ತಿಬಿಡುತ್ತದೆ. ಆಗ ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶಕ್ಕೇ ಪೆಟ್ಟಾಗಬಹುದು. ತೊಳೆಯುವಾಗ ಇನ್ನೊಂದು ಎಚ್ಚರ: ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತದೆ. ಕೊನೆಯ ಸಲ ಜಾಲಿಸಲು ಫಿಲ್ಟರ್ ನೀರಿನ ಕ್ಯಾನ್ ಬಳಸಿ, ನೆರಳಲ್ಲಿ ಒಣಗಿಸಿ.

ರೆಗ್ಯುಲೇಟರ್ ಮಾತ್ರ ಮನೆಯಲ್ಲಿ ಬಿಚ್ಚುವ ವಸ್ತುವಲ್ಲ. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡವಿರುತ್ತದೆ. ಅದನ್ನು ಎರಡು ಹಂತದಲ್ಲಿ ತಗ್ಗಿಸಿ ಉಸಿರಿಗೆ ಒದಗಿಸುವುದು ಇದೇ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರರಷ್ಟು. ಒಂದೊಂದು ಉಸಿರಿಗೂ ಮೂರರಷ್ಟು ಗಾಳಿ ಹರಿಯಬೇಕು. ಹಾಗಾಗಿ ಹಜಾರದಲ್ಲಿ ಕೂತು ಎಳೆದಾಗ ಸರಾಗವಾಗಿ ಬಂತು ಎಂಬುದು ಸಾಕ್ಷಿಯಾಗುವುದಿಲ್ಲ. ಸಿಲಿಂಡರಿಗೆ ಕೂರುವ ಬಾಯಲ್ಲಿ ಪುಟ್ಟದೊಂದು ಲೋಹದ ಜರಡಿ ಇದೆ. ಅದು ಹಸಿರಾಗಿದ್ದರೆ ಒಳಗೆ ನೀರು ಹೋಗಿದೆ ಎಂದು ತಿಳಿಯಿರಿ. ಹಸಿರಾಗಿಲ್ಲದಿದ್ದರೂ ಆರು ವರ್ಷ ಕೂತ ರೆಗ್ಯುಲೇಟರಿಗೆ ಸರ್ವಿಸ್ ಬೇಕೇ ಬೇಕು. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸಿ ಎಂದು ತಯಾರಕರೇ ಹೇಳುತ್ತಾರೆ. ಬೆಂಗಳೂರಿನ ಡೈವಿಂಗ್ ಕೇಂದ್ರಗಳಿಗೆ ಫೋನ್ ಮಾಡಿ, ಆ ಕಂಪನಿಯ ರೆಗ್ಯುಲೇಟರ್ ರಿಪೇರಿಯಲ್ಲಿ ತರಬೇತಾದವರು ಯಾರಿದ್ದಾರೆ, ಬಿಡಿಭಾಗ ಬರಲು ಎಷ್ಟು ದಿನ ಬೇಕು ಎಂದು ಈಗಲೇ ವಿಚಾರಿಸಿ. ನೀರೊಳಗೆ ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರಿನ ಬ್ಯಾಟರಿಯನ್ನೂ ಅಲ್ಲೇ ಬದಲಾಯಿಸಿಕೊಳ್ಳಿ.

ಮೂರು ಕೆಲಸ ಮಾತ್ರ ಖಂಡಿತ ಬೇಡ. ಪಂಕ್ಚರ್ ಅಂಗಡಿಯಲ್ಲಿ ಸಿಲಿಂಡರಿಗೆ ಗಾಳಿ ತುಂಬಿಸಬೇಡಿ. ಅಲ್ಲಿನ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ, ಹೊಗೆ ಸೇರಿರಬಹುದು. ಆಸ್ಪತ್ರೆಯ ಆಮ್ಲಜನಕವಂತೂ ಬೇಡವೇ ಬೇಡ. ಡೈವಿಂಗ್‌ಗೆ ಬೇಕಿರುವುದು ಶುದ್ಧೀಕರಿಸಿದ ಮಾಮೂಲಿ ಗಾಳಿ. ಬರೀ ಆಮ್ಲಜನಕ ಆರು ಮೀಟರಿಗಿಂತ ಕೆಳಗೆ ಸೆಳವು ತರಿಸಿ ಪ್ರಾಣ ತೆಗೆಯಬಹುದು. ಮೂರನೆಯದಾಗಿ, ಪರೀಕ್ಷೆಗೆಂದು ಕೃಷಿ ಹೊಂಡಕ್ಕೋ ಬಾವಿಗೋ ಇಳಿಯಬೇಡಿ. ಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಂದವರೂ ಮೇಲೆ ಹತ್ತಲಾರರು. ಈಜುಕೊಳದಲ್ಲಿ, ತರಬೇತುದಾರರ ಎದುರಿನಲ್ಲೇ ಪರೀಕ್ಷಿಸಲಿ. ಆರು ವರ್ಷ ನೀರಿಗಿಳಿಯದ ನಿಮ್ಮವರಿಗೂ ಅದರಿಂದ ಕೈ ಮತ್ತೆ ಪಳಗುತ್ತದೆ. ಡೈವಿಂಗ್‌ಗೆ ಯೋಗ್ಯರೇ ಎಂದು ವೈದ್ಯರಿಂದಲೂ ಒಮ್ಮೆ ನೋಡಿಸಿಕೊಳ್ಳಲಿ.

ಇನ್ನು ಹೇಳುವ ಬಗೆ. ‘ನಿಮಗೆ ಗೊತ್ತಿಲ್ಲ’ ಎಂದು ಶುರುಮಾಡಬೇಡಿ. ಅವರಿಗೆ ಚೆನ್ನಾಗಿ ಗೊತ್ತಿದೆ. ಒಂದೇ ಪ್ರಶ್ನೆ ಕೇಳಿ: ‘ನೀರೊಳಗೆ ಮಗನ ಗಾಳಿ ಮುಗಿದರೆ ಅವನು ಯಾರ ಹತ್ತಿರ ಬರುತ್ತಾನೆ?’ ಅವರ ರೆಗ್ಯುಲೇಟರಿಗೆ ಎರಡನೆಯ ಬಾಯಿತುದಿ ಇಟ್ಟಿರುವುದೇ ಜೊತೆಗಾರನ ಆಪತ್ತಿಗೆ. ಅಪ್ಪನ ಸಾಮಾನೇ ಮಗನಿಗೆ ಆಸರೆ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ; ಅಲ್ಲಿ ಏನಾದರೂ ಆದರೆ ಆಸ್ಪತ್ರೆಗೆ ದೋಣಿಯಲ್ಲೇ ಬರಬೇಕು. ಈ ಮಾತು ಅವರ ಸ್ವಾಭಿಮಾನವನ್ನು ಕೆಣಕುವುದಿಲ್ಲ, ಹೊಣೆಯನ್ನು ನೆನಪಿಸುತ್ತದೆ.

ಹೊರಡುವ ವೇಳೆಗೆ ಸರ್ವಿಸ್ ಮುಗಿಯದಿದ್ದರೆ ರೆಗ್ಯುಲೇಟರನ್ನೂ ಜಾಕೆಟ್ಟನ್ನೂ ಮನೆಯಲ್ಲೇ ಬಿಡಲಿ. ಮುರ್ಡೇಶ್ವರದಲ್ಲಿ ದೋಣಿ ಹತ್ತಿಸುವವರೇ ಸಿಲಿಂಡರ್ ಸಮೇತ ಎಲ್ಲ ಕೊಡುತ್ತಾರೆ. ಮುಖಕ್ಕೆ ಹೊಂದಿದ ಮಾಸ್ಕ್, ಕಾಲಿಗೆ ಹೊಂದಿದ ಫಿನ್ ಗಟ್ಟಿಯಾಗಿದ್ದರೆ ಅವನ್ನು ಒಯ್ದರೆ ಸಾಕು. ಬಾಡಿಗೆ ಸಾಮಾನು ಬಳಸುವುದರಲ್ಲಿ ಯಾವ ಸಣ್ಣತನವೂ ಇಲ್ಲ. ಇವತ್ತು ಸಂಜೆಯೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಆ ಫೋನ್ ಮಾಡಿಸಿ.