ಅಳೆದು ತೂಗಿ ಕೊಳ್ಳಬೇಕಾದ ನೇಕೆಡ್ ಬೈಕ್

ಎಂಜಿನ್ನನ್ನೂ ಚೌಕಟ್ಟನ್ನೂ ಹೊದಿಕೆಯಿಂದ ಮುಚ್ಚದೆ ಹೊರಗೆ ಕಾಣುವಂತೆಯೇ ಬಿಟ್ಟಿರುವ ಮೋಟಾರ್‌ಸೈಕಲ್ಲಿಗೆ ‘ನೇಕೆಡ್’ ಎಂಬ ಹೆಸರು ರೂಢಿಯಲ್ಲಿದೆ. ರೇಸ್ ಬೈಕುಗಳಲ್ಲಿ ಗಾಳಿಯನ್ನು ಸೀಳಲು ಅಳವಡಿಸುವ ಹೊದಿಕೆಗೆ ಫೇರಿಂಗ್ ಎನ್ನುತ್ತಾರೆ. ಅದನ್ನು ಕಳಚಿ, ಹ್ಯಾಂಡಲನ್ನು ತುಸು ಎತ್ತರಿಸಿ ಅಗಲಗೊಳಿಸಿ, ಎಂಜಿನ್ನಿನ ಚುರುಕನ್ನು ಮಾತ್ರ ಹಾಗೆಯೇ ಉಳಿಸಿಕೊಂಡ ಬೈಕುಗಳು ಸ್ಪೋರ್ಟ್ ನೇಕೆಡ್ ವರ್ಗಕ್ಕೆ ಸೇರುತ್ತವೆ. ಭಾರತದಲ್ಲಿ ಈ ವರ್ಗದ ನಿಜವಾದ ಪೈಪೋಟಿ 300ರಿಂದ 400 ಸಿಸಿಯ ನಡುವೆ ನಡೆದಿದೆ. 2023ರಲ್ಲಿ ಟ್ರಯಂಫ್ ಸ್ಪೀಡ್ 400, ಟಿವಿಎಸ್ ಅಪಾಚೆ ಆರ್‌ಟಿಆರ್ 310 ಮತ್ತು ಹೊಸ ಪೀಳಿಗೆಯ ಕೆಟಿಎಂ 390 ಡ್ಯೂಕ್ ಕೆಲವೇ ತಿಂಗಳುಗಳ ಅಂತರದಲ್ಲಿ ಬಂದರೆ, 2024ರ ಮೇ ತಿಂಗಳಲ್ಲಿ ಬಜಾಜ್ ಪಲ್ಸರ್ ಎನ್‌ಎಸ್ 400 ಝಡ್ ಅವುಗಳ ಜೊತೆ ಸೇರಿತು. ಸ್ಪೀಡ್ 400ರ ರೂಪ ಹಳೆಯ ಕಾಲದ ರೋಡ್‌ಸ್ಟರ್‌ಗಳನ್ನು ನೆನಪಿಸುತ್ತದಾದರೂ ಕೊಳ್ಳುವವರ ಪಟ್ಟಿಯಲ್ಲಿ ಅದು ಉಳಿದ ಮೂರರ ಪಕ್ಕದಲ್ಲೇ ಇರುವುದರಿಂದ ಇಲ್ಲಿಯೂ ಸೇರಿಸಲಾಗಿದೆ. ಜಾಹೀರಾತುಗಳು ಮೊದಲು ಎತ್ತಿ ಹೇಳುವ ಅಶ್ವಶಕ್ತಿಯನ್ನು ಕೊಳ್ಳುವವರು ಕೊನೆಯಲ್ಲಿ ನೋಡುವುದೇ ಲೇಸು. ಅದಕ್ಕಿಂತ ಮೊದಲು ಓಡಾಟದ ಸ್ವರೂಪ, ಪೂರ್ತಿ ಖರ್ಚು ಮತ್ತು ಸವಾರನ ಮೈಕಟ್ಟು ಇತ್ಯರ್ಥವಾಗಬೇಕು.

ಮೊದಲು ಓಡಾಟದ ಲೆಕ್ಕ

ಶೋರೂಮಿಗೆ ಕಾಲಿಡುವ ಮುನ್ನವೇ ಒಂದು ಹಾಳೆಯಲ್ಲಿ ವಾರದ ಓಡಾಟವನ್ನು ಬರೆದುಕೊಳ್ಳಬೇಕು. ಕೆಲಸಕ್ಕೆ ಹೋಗಿಬರುವ ದೂರವೆಷ್ಟು, ಅದರಲ್ಲಿ ಸಿಗ್ನಲ್‌ಗಳಲ್ಲಿ ನಿಲ್ಲುವ ಹೊತ್ತೆಷ್ಟು, ಹಿಂದೆ ಇನ್ನೊಬ್ಬರು ಕೂರುವ ದಿನಗಳೆಷ್ಟು, ರಾತ್ರಿ ಬೈಕ್ ನಿಲ್ಲುವ ಜಾಗಕ್ಕೆ ಇಳಿಜಾರಿದೆಯೇ ಎಂಬುದಕ್ಕೆಲ್ಲ ಉತ್ತರ ಅಲ್ಲಿರಬೇಕು. ದಿನವೂ ಬೆಂಗಳೂರಿನ ಕಿಕ್ಕಿರಿದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಬೇಕಾದ ಗುಣಗಳೂ, ತಿಂಗಳಿಗೆರಡು ಬಾರಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವವರಿಗೆ ಬೇಕಾದ ಗುಣಗಳೂ ಒಂದೇ ಅಲ್ಲ. ಹೆದ್ದಾರಿಯ ಕನಸನ್ನೂ ವಾಸ್ತವದೊಡನೆ ತಾಳೆ ಹಾಕಬೇಕು: ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ, ಆ ದಾರಿಯಲ್ಲಿ ಹೋಗುವವರಿಗೆ ಸಿಗುವುದು ಊರೂರಿನ ಜನ ಬಳಸುವ ಸರ್ವಿಸ್ ರಸ್ತೆ. ಅಲ್ಲಿ ಗರಿಷ್ಠ ವೇಗಕ್ಕಿಂತ ಹಂಪ್ ದಾಟುವ ಸಸ್ಪೆನ್ಷನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

350 ಸಿಸಿ ಎಂಬ ಗಡಿ

ಕಾರ್ಖಾನೆಯ ಬೆಲೆಗೆ ಜಿಎಸ್‌ಟಿ ಸೇರಿದ ಮೊತ್ತ ಎಕ್ಸ್-ಶೋರೂಂ ಬೆಲೆ. ಅದಕ್ಕೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಮತ್ತು ವಿಮೆ ಸೇರಿ ಕೈಯಿಂದ ಹೋಗುವ ಮೊತ್ತ ಆನ್-ರೋಡ್ ಬೆಲೆ. ಹೋಲಿಕೆ ಯಾವಾಗಲೂ ಎರಡನೆಯದರಲ್ಲಿ ನಡೆಯಬೇಕು, ಏಕೆಂದರೆ ಈ ವರ್ಗದಲ್ಲಿ ಎಂಜಿನ್ನಿನ ಗಾತ್ರ 350 ಸಿಸಿಯ ಯಾವ ಬದಿಗಿದೆ ಎಂಬ ಒಂದೇ ಸಂಗತಿ ಎರಡೆರಡು ಕಡೆ ಲೆಕ್ಕವನ್ನು ಬದಲಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದರೆ, ಅದಕ್ಕಿಂತ ದೊಡ್ಡವುಗಳ ಮೇಲೆ ಸೆಸ್ ಸೇರಿ ಶೇ 31ರಷ್ಟಿದ್ದ ಭಾರ ಶೇ 40ಕ್ಕೆ ಏರಿತು. ವಿಮೆಯಲ್ಲೂ ಇದೇ ಗಡಿಯಿದೆ. ಹೊಸ ಬೈಕಿಗೆ 5 ವರ್ಷಗಳ ಥರ್ಡ್ ಪಾರ್ಟಿ ವಿಮೆ, ಅಂದರೆ ಅಪಘಾತದಲ್ಲಿ ಎದುರಿನವರಿಗಾದ ಹಾನಿಯನ್ನು ಭರಿಸುವ ವಿಮೆ, ಕಡ್ಡಾಯವಾಗಿದ್ದು, 2022ರ ದರಪಟ್ಟಿಯಂತೆ ಅದರ ಕಂತು 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ಸಿಸಿ ಮೀರಿದರೆ 15,117 ರೂಪಾಯಿ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ತೆರಿಗೆಗೆ ಮುನ್ನ ತಲಾ 1,50,000 ರೂಪಾಯಿ ಬೆಲೆಯ ಎರಡು ಬೈಕುಗಳಲ್ಲಿ 312 ಸಿಸಿಯದಕ್ಕೆ ಎಕ್ಸ್-ಶೋರೂಂ ಬೆಲೆ 1,77,000 ರೂಪಾಯಿ ಆದರೆ 398 ಸಿಸಿಯದಕ್ಕೆ 2,10,000 ರೂಪಾಯಿ ಆಗುತ್ತದೆ. ಕರ್ನಾಟಕದಲ್ಲಿ 1 ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಬೆಲೆಯ ಶೇ 18ರಷ್ಟು ಆಜೀವ ತೆರಿಗೆಯಿದ್ದು, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್ ಬೀಳುವುದರಿಂದ ಒಟ್ಟು ಹೊರೆ ಬೆಲೆಯ ಐದನೆಯ ಒಂದು ಭಾಗಕ್ಕೆ ಹತ್ತಿರವಾಗುತ್ತದೆ. ಹೀಗಾಗಿ 33,000 ರೂಪಾಯಿಯ ಅಂತರ ಆರ್‌ಟಿಓ ಕಚೇರಿ ದಾಟುವಷ್ಟರಲ್ಲಿ ಸುಮಾರು 39,600 ರೂಪಾಯಿಗೆ ಏರಿ, ವಿಮೆಯ 7,752 ರೂಪಾಯಿಯ ವ್ಯತ್ಯಾಸ ಸೇರಿದಾಗ 47,000 ದಾಟುತ್ತದೆ. ಕೆಲವು ಕಂಪನಿಗಳು ಏರಿದ ತೆರಿಗೆಯನ್ನು ಗ್ರಾಹಕರ ತಲೆಗೆ ಹೊರಿಸದೆ ತಾವೇ ಭರಿಸಿದ್ದೂ ಉಂಟಾದ್ದರಿಂದ, ಪ್ರತಿ ಶೋರೂಮಿನಿಂದಲೂ ಅದೇ ವಾರದ ದಿನಾಂಕವಿರುವ, ಬಾಬ್ತುವಾರು ಬಿಡಿಸಿ ಬರೆದ ಕೊಟೇಷನ್ ಪಡೆಯುವುದು ಅಗತ್ಯ. ಅದರಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಸಾಲಿದ್ದರೆ ಯಾವ ಸೇವೆಗೆಂದು ಕೇಳಬೇಕು. ವಿಮೆಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡು ಇಲ್ಲ ಎಂಬುದನ್ನೂ ಮರೆಯಬಾರದು.

ಅಂಕಿಗಳನ್ನು ಓದುವ ಬಗೆ

ಟಾರ್ಕ್ ಎಂದರೆ ಎಂಜಿನ್ ತನ್ನ ಅಕ್ಷವನ್ನು ತಿರುಚುವ ಬಲ. ಆ ಬಲವನ್ನು ಎಷ್ಟು ವೇಗದಲ್ಲಿ ಕೊಡುತ್ತಿದೆ ಎಂಬುದರ ಅಳತೆ ಶಕ್ತಿ, ಅದರ ಮಾನ ಪಿಎಸ್. ಡ್ಯೂಕ್ ಸುಮಾರು 46 ಪಿಎಸ್ ಮತ್ತು 39 ನ್ಯೂಟನ್ ಮೀಟರ್, ಸ್ಪೀಡ್ 400 ಬಂದಾಗ 40 ಪಿಎಸ್ ಮತ್ತು 37.5 ನ್ಯೂಟನ್ ಮೀಟರ್, ಅಪಾಚೆ 35.6 ಪಿಎಸ್ ಮತ್ತು 28.7 ನ್ಯೂಟನ್ ಮೀಟರ್ ಕೊಡುತ್ತಿದ್ದವು. ಪಲ್ಸರ್ 40 ಪಿಎಸ್‌ನೊಂದಿಗೆ ಬಂದು 2025ರಲ್ಲಿ 43ಕ್ಕೆ ಏರಿತು. ಹಿಂದಿನ ವರ್ಷದ ಹೋಲಿಕೆಯನ್ನು ನೆಚ್ಚಿ ಈ ವರ್ಷ ಬೈಕ್ ಕೊಳ್ಳಬಾರದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಈ ಸಂಖ್ಯೆಗಳಿಗಿಂತ ಅವುಗಳ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿರುವಾಗ ಅವು ಸಿಗುತ್ತವೆ ಎಂಬ ವಿವರ, ಹೆಚ್ಚು ಹೇಳುತ್ತದೆ. ಅಪಾಚೆಯ ಪೂರ್ಣ ಶಕ್ತಿ 9,700 ಆರ್‌ಪಿಎಂನಲ್ಲಿ, ಸ್ಪೀಡ್ 400ರದ್ದು 8,000ದಲ್ಲಿ ಸಿಗುವುದರಿಂದ, ಮೊದಲನೆಯದನ್ನು ಗೇರ್ ಇಳಿಸಿ ಎಂಜಿನ್ ಏರಿಸಿ ಓಡಿಸುವವರು ಮೆಚ್ಚುತ್ತಾರೆ. ಎರಡನೆಯದು ಗೇರಿನ ಗೊಡವೆಯಿಲ್ಲದೆ ಕೆಳಮಟ್ಟದಿಂದಲೇ ಎಳೆಯುತ್ತದೆ.

ತೂಕದಲ್ಲಿ ಕರ್ಬ್ ತೂಕವನ್ನೇ, ಅಂದರೆ ಆಯಿಲ್ ಮತ್ತು ಪೆಟ್ರೋಲ್ ಸೇರಿದ ತೂಕವನ್ನೇ, ಹೋಲಿಸಬೇಕು. ಮೊದಲು ಬಂದಾಗ ನಾಲ್ಕೂ 168ರಿಂದ 176 ಕೆ.ಜಿ.ಯ ಆಸುಪಾಸಿನಲ್ಲಿದ್ದುದರಿಂದ ಅದು ಇಲ್ಲಿ ದೊಡ್ಡ ವಿಷಯವಲ್ಲ. ಟ್ಯಾಂಕಿನ ಗಾತ್ರ ಮಾತ್ರ ನಿಜವಾದ ವ್ಯತ್ಯಾಸ ಮಾಡುತ್ತದೆ: ಲೀಟರಿಗೆ 25 ಕಿ.ಮೀ. ಎಂದು ಹಿಡಿದರೆ 11 ಲೀಟರಿನ ಅಪಾಚೆ 275 ಕಿ.ಮೀ. ಹೋಗುವ ಕಡೆ 15 ಲೀಟರಿನ ಡ್ಯೂಕ್ 375 ಕಿ.ಮೀ. ಹೋಗಬಲ್ಲದು.

ಕೂತು ನೋಡುವುದು

ಸೀಟಿನ ಎತ್ತರವನ್ನು ಮಿಲಿಮೀಟರಿನಲ್ಲಿ ಓದಿ ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಮೊದಲು ಬಂದಾಗ ಸ್ಪೀಡ್ 400ರ ಸೀಟು 790 ಮಿ.ಮೀ., ಅಪಾಚೆಯದು 800 ಮಿ.ಮೀ. ಇತ್ತು; ಆದರೆ ಪಾದ ನೆಲಕ್ಕೆ ಪೂರ್ತಿ ಊರುತ್ತದೆಯೋ ಇಲ್ಲವೋ ಎಂಬುದನ್ನು ಎತ್ತರಕ್ಕಿಂತ ಸೀಟಿನ ಮುಂಭಾಗದ ಅಗಲವೇ ನಿರ್ಧರಿಸುತ್ತದೆ, ಏಕೆಂದರೆ ಅಲ್ಲಿ ಸೀಟು ಅಗಲವಾದಷ್ಟೂ ತೊಡೆಗಳು ದೂರವಾಗಿ ಕಾಲು ಗಿಡ್ಡವಾದಂತಾಗುತ್ತದೆ. ದಿನವೂ ಹಾಕುವ ಬೂಟನ್ನೇ ತೊಟ್ಟು ಕೂತು, ಎಂಜಿನ್ ಆರಿಸಿದ ಬೈಕನ್ನು ಕಾಲಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ, ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿದರೆ ಪಾರ್ಕಿಂಗ್ ಜಾಗದಲ್ಲಿ ಮುಂದೆ ಎದುರಾಗುವ ಪಾಡು ಅಲ್ಲೇ ತಿಳಿಯುತ್ತದೆ. ಹಿಂದೆ ಕೂರುವವರು ಮನೆಯಲ್ಲಿದ್ದರೆ ಅವರೂ ಬಂದು ಕೂತು ನೋಡಬೇಕು. ಈ ವರ್ಗದ ಹಿಂಬದಿ ಸೀಟುಗಳು ಚಿಕ್ಕವಾಗಿರುತ್ತವೆ, ಅವುಗಳ ಬಗ್ಗೆ ತೀರ್ಪು ಕೊಡುವ ಹಕ್ಕು ಅಲ್ಲಿ ಕೂರುವವರದೇ.

ಒಂದೇ ದಿನ, ಒಂದೇ ರಸ್ತೆ

ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಬೆಲೆಬಾಳುವ ಹಂತ ಟೆಸ್ಟ್ ರೈಡ್. ಅತ್ಯಂತ ಅವಸರದಲ್ಲಿ ಮುಗಿಯುವುದೂ ಅದೇ. ಒಂದು ಬೈಕನ್ನು ಈ ಭಾನುವಾರ ಖಾಲಿ ರಸ್ತೆಯಲ್ಲಿ, ಇನ್ನೊಂದನ್ನು ಮುಂದಿನ ಬುಧವಾರ ಸಂಜೆಯ ಟ್ರಾಫಿಕ್‌ನಲ್ಲಿ ಓಡಿಸಿದರೆ ಹೋಲಿಕೆಯಾಗುವುದು ರಸ್ತೆಗಳೇ ಹೊರತು ಬೈಕುಗಳಲ್ಲ. ಮುಂಚಿತವಾಗಿ ಫೋನ್ ಮಾಡಿ, ಕಡೆಯ ಎರಡೋ ಮೂರೋ ಬೈಕುಗಳ ಸರದಿಯನ್ನು ಒಂದೇ ದಿನಕ್ಕೆ ಹೊಂದಿಸಿಕೊಂಡು, ಸಾಧ್ಯವಾದಷ್ಟೂ ಒಂದೇ ದಾರಿಯಲ್ಲಿ ಹೋಗಿ ಬರಬೇಕು. ಆ ದಾರಿಯಲ್ಲಿ ಹಂಪ್, ಒಡೆದ ಡಾಂಬರು, ಒಂದು ಏರು, ಒಂದು ಯೂ-ಟರ್ನ್ ಮತ್ತು ತುಸು ವೇಗಕ್ಕೆ ಅವಕಾಶವಿರುವ ನೇರ ರಸ್ತೆ ಇದ್ದರೆ ಸಾಕು.

ಮೊದಲು, ಮೂರನೆಯ ಗೇರಿನಲ್ಲಿ 30 ಕಿ.ಮೀ. ವೇಗಕ್ಕೆ ಇಳಿಸಿ ಥ್ರಾಟಲನ್ನು ಮೆಲ್ಲಗೆ ತಿರುಗಿಸಬೇಕು. ಬೈಕ್ ಜರ್ಕ್ ಹೊಡೆಯದೆ ಎತ್ತಿಕೊಂಡರೆ ನಗರದ ಸವಾರಿ ಸುಖವಾಗುತ್ತದೆ. ನಾಲ್ಕೂ ಒಂಟಿ ಸಿಲಿಂಡರಿನ ಬೈಕುಗಳಾದ್ದರಿಂದ ನಡುಕ ಸಂಪೂರ್ಣ ತಪ್ಪುವುದಿಲ್ಲ, ಅದು ಎಲ್ಲಿ ಯಾವ ವೇಗದಲ್ಲಿ ಬರುತ್ತದೆ ಎಂಬುದೇ ಪ್ರಶ್ನೆ. ನೇರ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತ ಕನ್ನಡಿಯತ್ತ ಕಣ್ಣು ಹಾಯಿಸಿದಾಗ ಹಿಂದಿನ ವಾಹನ ಕಾರೋ ಬಸ್ಸೋ ಎಂದು ತಟ್ಟನೆ ಗುರುತು ಸಿಕ್ಕರೆ ಪರವಾಗಿಲ್ಲ. ಬರೀ ಅಲುಗಾಡುವ ಬಣ್ಣ ಕಂಡರೆ, ಎರಡು ಗಂಟೆಯ ಸವಾರಿಯ ಬಳಿಕ ಅಂಗೈ ಜೋಮು ಹಿಡಿಯುವ ಸಂಭವವಿದೆ. ಹಂಪಿನ ಮೇಲೆ ಕೂತೇ ಹತ್ತಿಳಿಯಬೇಕು. ಡ್ಯೂಕ್‌ನ ಮುಂದಿನ ಫೋರ್ಕ್‌ನ ಬಿಗಿ-ಸಡಿಲನ್ನು ಸವಾರರೇ ಬದಲಿಸಿಕೊಳ್ಳಬಹುದು, ಸ್ಪೀಡ್ 400ರಲ್ಲಿ ಕಾರ್ಖಾನೆ ಕೊಟ್ಟದ್ದನ್ನೇ ಒಪ್ಪಿಕೊಳ್ಳಬೇಕು. ಆದ್ದರಿಂದ ಎರಡನೆಯದರ ಮೇಲೆ ಬೆನ್ನು ಹೇಳಿದ ಮಾತೇ ಕಡೆಯ ಮಾತು.

ವಾಪಸಾದ ಮೇಲೆ ಕೂಡಲೇ ಇಳಿಯದೆ, ಎಂಜಿನ್ ಚಾಲೂ ಇರುವಂತೆಯೇ ಐದು ನಿಮಿಷ ನಿಂತು ರೇಡಿಯೇಟರ್ ಫ್ಯಾನಿನ ಬಿಸಿಗಾಳಿ ಕಾಲಿಗೆ ಬಡಿಯುತ್ತದೆಯೇ ಎಂದು ನೋಡಬೇಕು. ಅಪಾಚೆಯ ಎಂಜಿನ್ನಿನಲ್ಲಿ ಸಿಲಿಂಡರ್ ಹಿಂದಕ್ಕೆ ವಾಲಿದ್ದು, ಗಾಳಿ ಮುಂದಿನಿಂದ ಒಳಬಂದು ಹೊಗೆ ಹಿಂದಿನಿಂದ ಹೊರಹೋಗುವ ತಿರುಗುಮುರುಗು ರಚನೆಯಿರುವುದರಿಂದ, ಬಿಸಿಯ ಜಾಗವೂ ಉಳಿದವುಗಳಿಗಿಂತ ಬೇರೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಟೆಸ್ಟ್ ರೈಡ್ ಇಟ್ಟುಕೊಳ್ಳುವುದು ಈ ಕಾರಣಕ್ಕೇ ಸೂಕ್ತ.

ಬ್ರೇಕಿನ ಡಿಸ್ಕ್ ಡ್ಯೂಕ್‌ನಲ್ಲಿ 320 ಮಿ.ಮೀ., ಅಪಾಚೆಯಲ್ಲಿ 300 ಮಿ.ಮೀ. ಎಂಬಂಥ ವ್ಯತ್ಯಾಸಗಳಿಗೆ ಅತಿ ಮಹತ್ವ ಬೇಡ. ಲಿವರನ್ನು ಎರಡೇ ಬೆರಳಿನಲ್ಲಿ ಒತ್ತಿದಾಗ ಒತ್ತಿದಷ್ಟಕ್ಕೇ ಬೈಕ್ ಹದವಾಗಿ ನಿಧಾನವಾಗಬೇಕು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ನಾಲ್ಕು ಬೈಕುಗಳಲ್ಲೂ ಎರಡೂ ಚಕ್ರಗಳಿಗಿದೆ. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ನೆರವಾಗುವ ಕ್ವಿಕ್‌ಶಿಫ್ಟರ್ ಹಿತವಾದದ್ದಾದರೂ ಅದಕ್ಕಾಗಿ ಬಜೆಟ್ ಹಿಗ್ಗಿಸಬೇಕಾಗಿಲ್ಲ.

ಸರ್ವಿಸ್ ಮತ್ತು ಡೆಲಿವರಿ

ಕೊನೆಗೆ ಉಳಿದ ಎರಡು ಬೈಕುಗಳ ಸರ್ವಿಸ್ ಸೆಂಟರಿಗೆ ಶೋರೂಮಿನವರ ಜೊತೆಯಿಲ್ಲದೆ ಹೋಗುವುದು ಒಳ್ಳೆಯದು. ಸ್ಪೀಡ್ 400ಕ್ಕೆ 16,000 ಕಿ.ಮೀ. ಅಥವಾ ಒಂದು ವರ್ಷಕ್ಕೊಮ್ಮೆ ಸರ್ವಿಸ್ ಎಂಬುದು ಆಕರ್ಷಕವಾದರೂ, ಹತ್ತಿರದ ಸರ್ವಿಸ್ ಸೆಂಟರ್ 120 ಕಿ.ಮೀ. ದೂರದಲ್ಲಿದ್ದರೆ ಆ ಲಾಭ ಕರಗುತ್ತದೆ. ಜಿಲ್ಲಾ ಕೇಂದ್ರಗಳಾಚೆ ವಾಸಿಸುವವರಿಗೆ ಇದೇ ನಿರ್ಣಾಯಕವಾಗಬಹುದು. ಬೈಕ್ ಬಿದ್ದರೆ ಮೊದಲು ಮುರಿಯುವ ಕ್ಲಚ್ ಲಿವರ್, ಕನ್ನಡಿ, ಇಂಡಿಕೇಟರ್ ಮತ್ತು ನೇಕೆಡ್ ಬೈಕಿನಲ್ಲಿ ಫೇರಿಂಗಿನ ರಕ್ಷಣೆ ಇಲ್ಲದ ರೇಡಿಯೇಟರ್, ಇವುಗಳ ಬೆಲೆಯನ್ನೂ ಅವು ಸಿಗಲು ಹಿಡಿಯುವ ದಿನಗಳನ್ನೂ ಬಿಡಿಭಾಗದ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಬೇಕು. ಹಿಂದಿನ ಅಗಲವಾದ ರೇಡಿಯಲ್ ಟೈರು ಸಾಮಾನ್ಯ ಬೈಕಿನ ಟೈರಿಗಿಂತ ಬೇಗ ಸವೆದು ಹೆಚ್ಚು ಕೈ ಕಚ್ಚುವುದರಿಂದ ಅದರ ಬೆಲೆಯೂ ಆ ಪಟ್ಟಿಯಲ್ಲಿರಲಿ.

ಆಯ್ಕೆ ಮುಗಿದು ಮುಂಗಡ ಕೊಟ್ಟ ಮೇಲೆ, ನೋಂದಣಿಗೆ ಕಾಗದ ಹೋಗುವ ಮುನ್ನವೇ ಗೊತ್ತುಪಡಿಸಿದ ಬೈಕನ್ನು ಹಗಲು ಬೆಳಕಿನಲ್ಲಿ ನೋಡಬೇಕು. ತಯಾರಾದ ತಿಂಗಳು ಯಾವುದು, ಓಡೋಮೀಟರ್ ಎಷ್ಟು ತೋರಿಸುತ್ತಿದೆ, ಟ್ಯಾಂಕಿನ ಅಂಚಿನಲ್ಲೂ ರಿಮ್ಮಿನಲ್ಲೂ ಗೀರುಗಳಿವೆಯೇ, ಫೋರ್ಕ್‌ನ ಸೀಲಿನ ಬಳಿ ಎಣ್ಣೆಯ ಜಿಡ್ಡಿದೆಯೇ ಎಂದು ಪರೀಕ್ಷಿಸಿ, ಚೌಕಟ್ಟಿನ ಮೇಲೆ ಕೊರೆದ ಚಾಸಿ ಸಂಖ್ಯೆಯ ಫೋಟೊ ತೆಗೆದುಕೊಂಡು, ಇನ್‌ವಾಯ್ಸ್ ಮತ್ತು ವಿಮೆಯ ಕಾಗದದಲ್ಲಿರುವ ಸಂಖ್ಯೆಯೊಡನೆ ಒಂದೊಂದೇ ಅಕ್ಷರವಾಗಿ ಹೋಲಿಸಿದ ಬಳಿಕವೇ ಉಳಿದ ಹಣವನ್ನು ಪಾವತಿಸಬೇಕು.